ಜಾಗ ತಿಂದವರು ಯಾರು?

ಮೊಬೈಲಿನಲ್ಲಿ ಜಾಗ ಮುಗಿಯುವುದಕ್ಕೂ ಒಂದು ಮುಹೂರ್ತವಿದೆ. ಬಸ್‌ಸ್ಟ್ಯಾಂಡಿನಲ್ಲಿ ಕೂತು ಸುಮ್ಮನೆ ರೀಲ್ಸ್ ನೋಡುವಾಗ ಅದು ಮುಗಿಯುವುದಿಲ್ಲ. ಪುರೋಹಿತರು ‘ಗಟ್ಟಿಮೇಳ, ಗಟ್ಟಿಮೇಳ’ ಎಂದು ಕೈಯೆತ್ತಬೇಕು, ವಾಲಗದವರು ಕೆನ್ನೆ ಉಬ್ಬಿಸಬೇಕು, ಅಕ್ಷತೆ ಗಾಳಿಯಲ್ಲಿರಬೇಕು. ಆಗ ಬರುತ್ತದೆ ಪರದೆಯ ಮೇಲೆ, ‘ಸ್ಟೋರೇಜ್ ಫುಲ್’. ಹುಡುಗಿಯ ಸೋದರಮಾವ ಕುರ್ಚಿಯ ಮೇಲೆ ಹತ್ತಿ ನಿಂತವರು ಅಲ್ಲೇ ನಿಂತುಕೊಂಡು ಏನನ್ನಾದರೂ ಅಳಿಸಲು ತಡಕಾಡುತ್ತಾರೆ. ಈ ಗಡಿಬಿಡಿಯಲ್ಲಿ ಬಲಿಯಾಗುವುದು ಬಡಪಾಯಿಗಳೇ: ನಾಲ್ಕಾರು ಎಂಬಿಯ ಪಂಚಾಂಗದ ಆಪು, ಯಾರಿಗೂ ತೊಂದರೆ ಕೊಡದ ಟಾರ್ಚಿನ ಆಪು. ಅವು ಹೋದರೂ ಮಾಂಗಲ್ಯಧಾರಣೆ ರೆಕಾರ್ಡಾಗುವುದಿಲ್ಲ. ಅಷ್ಟು ಹೊತ್ತಿಗೆ ಮೂರು ಗಂಟೂ ಬಿದ್ದಿರುತ್ತದೆ.

ಜಾಗ ತಿಂದವರು ಯಾರು ಎಂದು ಸಮಾಧಾನದಲ್ಲಿ ವಿಚಾರಿಸುವ ತಾಳ್ಮೆ ನಮ್ಮಲ್ಲಿ ಕಡಿಮೆ. ಅನುಮಾನ ಮೊದಲು ಹೋಗುವುದು ಮೊಮ್ಮಗ ಹಾಕಿಹೋದ ಗೇಮಿನ ಮೇಲೆ. ಆಮೇಲೆ ಅಂಗಡಿಯವನ ಮೇಲೆ. ಅರಸೀಕೆರೆಯ ನಮ್ಮ ದೊಡ್ಡಮ್ಮನಿಗಂತೂ ಅಂಗಡಿಯವನ ಮೇಲೆಯೇ ಖಾತ್ರಿ ಸಂಶಯ. ‘64 ಅಂತ ದುಡ್ಡು ಇಸ್ಕೊಂಡ, ಒಳಗೆ ಎಷ್ಟಿಟ್ಟಿದಾನೋ ಯಾರು ನೋಡಿದ್ರು?’ ಎಂದು ಫೋನನ್ನು ನನ್ನ ಕೈಗಿಟ್ಟರು. ದೊಡ್ಡಮ್ಮನ ಮಾತಿನಲ್ಲಿ ಪೂರ್ತಿ ಹುರುಳಿಲ್ಲ ಎನ್ನುವಂತಿಲ್ಲ. ಕಂಪನಿಯವರು ಒಂದು ಜಿಬಿಗೆ ನೂರು ಕೋಟಿ ಬೈಟು ಎಂದು ಲೆಕ್ಕ ಹಿಡಿಯುತ್ತಾರೆ. ಸಾವಿರದ ಬದಲು 1024ರಿಂದ ಎಣಿಸುವ ಕಂಪ್ಯೂಟರು ಅದೇ 64ನ್ನು 59.6 ಎನ್ನುತ್ತದೆ. ಆಮೇಲೆ ಆಂಡ್ರಾಯ್ಡು ತನ್ನ ಸಂಸಾರಸಮೇತ ಮೊದಲೇ ಬಂದು ಕೂತಿರುತ್ತದೆ. ಅದರ ಜೊತೆ ಕಂಪನಿಯೇ ಹಾಕಿಕೊಟ್ಟ, ಯಾರೂ ಕೇಳದ, ತೆಗೆಯಹೋದರೆ ತೆಗೆಸಿಕೊಳ್ಳದ ಒಂದಷ್ಟು ಆಪುಗಳು. ನಮ್ಮ ಪಾಲಿಗೆ ಉಳಿದಿದ್ದು ನಮ್ಮದು.

ಸೆಟ್ಟಿಂಗ್ಸಿನಲ್ಲಿ ಸ್ಟೋರೇಜ್ ಎಂಬುದನ್ನು ಒತ್ತಿದರೆ ಒಂದು ಬಣ್ಣದ ಪಟ್ಟಿ ತೆರೆದುಕೊಳ್ಳುತ್ತದೆ. ಚಿತ್ರಗಳಿಗೆ ಒಂದು ಬಣ್ಣ, ವಿಡಿಯೊಗಳಿಗೆ ಒಂದು, ಆಪುಗಳಿಗೆ ಒಂದು. ಕೊನೆಯಲ್ಲಿ ‘ಇತರೆ’ ಎಂದೋ ‘ಸಿಸ್ಟಂ’ ಎಂದೋ ಒಂದು ಬೂದುಬಣ್ಣದ ತುಂಡು. ಮದುವೆ ಮುಗಿದ ಮೇಲೆ ಬರೆಯುವ ಖರ್ಚಿನ ಪಟ್ಟಿಯಲ್ಲಿ ಛತ್ರ, ಅಡಿಗೆಯವರು, ಹೂವಿನವರು ಎಲ್ಲ ಮುಗಿದು ಕಡೆಗೆ ‘ಇತರೆ’ ಎಂದು ಒಂದು ಸಾಲು ಬರುತ್ತದಲ್ಲ, ಎಲ್ಲಕ್ಕಿಂತ ದಪ್ಪಗೆ, ಇದೂ ಅದರ ಜಾತಿಯದೇ. ಐಫೋನಿನವರೂ ಬಹಳ ಕಾಲ ಇದನ್ನು ‘ಅದರ್’ ಎಂದೇ ಕರೆಯುತ್ತಿದ್ದರು. 2021ರಲ್ಲಿ ‘ಸಿಸ್ಟಂ ಡೇಟಾ’ ಎಂದು ಹೆಸರು ಬದಲಾಯಿಸಿದರು. ಹೆಸರು ಗಂಭೀರವಾಯಿತು, ಗಾತ್ರ ಹಾಗೆಯೇ ಇದೆ.

ಆಪುಗಳ ಒಳಹೊಕ್ಕರೆ ‘ಕ್ಯಾಶ್’ ಸಿಗುತ್ತದೆ. ದುಡ್ಡಲ್ಲ. ಒಮ್ಮೆ ತೋರಿಸಿದ ಚಿತ್ರವನ್ನು ಇವರು ಇನ್ನೊಮ್ಮೆ ಕೇಳಿಯಾರು ಎಂದು ಆಪು ಬದಿಗೆತ್ತಿಟ್ಟ ಸರಂಜಾಮು. ಇದನ್ನು ಧಾರಾಳವಾಗಿ ಅಳಿಸಬಹುದು, ಬೇಕಾದಾಗ ಅದೇ ಮತ್ತೆ ತರಿಸಿಕೊಳ್ಳುತ್ತದೆ. ಆದರೆ ‘ಕ್ಲಿಯರ್ ಕ್ಯಾಶ್’ ಗುಂಡಿಯ ಪಕ್ಕದಲ್ಲೇ ‘ಕ್ಲಿಯರ್ ಡೇಟಾ’ ಎಂಬ ಗುಂಡಿಯನ್ನು ಇಟ್ಟವರು ಯಾರೋ, ಅವರಿಗೆ ಹಿರಿಯ ನಾಗರಿಕರ ಪರಿಚಯವಿದ್ದಂತಿಲ್ಲ. ಪಕ್ಕದ ಮನೆಯ ನಿವೃತ್ತ ಮೇಷ್ಟರು ಬ್ಯಾಂಕಿನ ಆಪಿನಲ್ಲಿ ಎರಡನೆಯದನ್ನು ಒತ್ತಿದರು. ಆಪು ಹೊಸದಾಗಿ ಪರಿಚಯ ಕೇಳಿತು. ಡೆಬಿಟ್ ಕಾರ್ಡಿನ ನಂಬರು ಬೇಕೆಂದಿತು. ಕಾರ್ಡು ಭದ್ರವಾಗಿರಲೆಂದು ಮೇಷ್ಟರು ಅದನ್ನು ಅದೇ ಬ್ಯಾಂಕಿನ ಲಾಕರಿನಲ್ಲಿಟ್ಟಿದ್ದರು. ಅವತ್ತು ಎರಡನೇ ಶನಿವಾರ.

ದೊಡ್ಡಮ್ಮನ ಫೋನಿನಲ್ಲಿ ಗೇಮು ನಿರಪರಾಧಿ ಎಂದು ಬೇಗ ಸಾಬೀತಾಯಿತು. ಸಿಂಹಪಾಲು ವಾಟ್ಸಾಪಿನದು. ಇದಕ್ಕೆ ಕಾರಣವನ್ನು ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಪುತ್ರವಾತ್ಸಲ್ಯ, ಅಂದರೆ ಪುತ್ರನ ವಾತ್ಸಲ್ಯ. ಅಮ್ಮನಿಗೆ ಬೇಜಾರಾಗದಿರಲಿ ಎಂದು ಮಗ ಮನೆಗೆ ವೈಫೈ ಹಾಕಿಸಿಕೊಟ್ಟಿದ್ದಾನೆ. ವಾಟ್ಸಾಪಿನ ಕ್ರಮವೇನೆಂದರೆ, ನಾವಾಗಿ ಬೇಡವೆನ್ನದಿದ್ದರೆ, ಮೊಬೈಲ್ ಡೇಟಾದಲ್ಲಿ ಫೋಟೊಗಳನ್ನಷ್ಟೇ ತಾನಾಗಿ ಇಳಿಸಿಕೊಳ್ಳುತ್ತದೆ, ವೈಫೈ ಸಿಕ್ಕಿತೆಂದರೆ ವಿಡಿಯೊ, ಆಡಿಯೊ, ಕಡತ, ಎಲ್ಲವನ್ನೂ. ದೊಡ್ಡಮ್ಮ ಮಧ್ಯಾಹ್ನ ಒಂದು ಗಳಿಗೆ ಮಲಗಿ ಏಳುವಷ್ಟರಲ್ಲಿ ಮೂರು ಗುಂಪುಗಳಿಂದ ಬೆಳ್ಳುಳ್ಳಿ ಸುಲಿಯುವ ಒಂದೇ ವಿಡಿಯೊ ಬಂದು ಇಳಿದಿರುತ್ತದೆ.

ವಾಟ್ಸಾಪಿನೊಳಗೆ ‘ಮ್ಯಾನೇಜ್ ಸ್ಟೋರೇಜ್’ ಎಂಬ ಜಾಗವಿದೆ. 5 ಎಂಬಿಗಿಂತ ದೊಡ್ಡವನ್ನೂ, ಹತ್ತಾರು ಕೈ ದಾಟಿ ಬಂದ ಫಾರ್ವರ್ಡುಗಳನ್ನೂ ಅದು ಬೇರೆ ಬೇರೆ ರಾಶಿ ಹಾಕಿ ತೋರಿಸುತ್ತದೆ. ಯಾರ ಕೊಡುಗೆ ಎಷ್ಟು ಎಂದು ಹೆಸರು ಹಿಡಿದು, ದೊಡ್ಡದರಿಂದ ಚಿಕ್ಕದಕ್ಕೆ. ನೆಂಟರಿಷ್ಟರಲ್ಲಿ ಯಾರಿಗೆ ಕೆಲಸವಿಲ್ಲ ಎಂಬುದನ್ನು ಇಷ್ಟು ಖಚಿತವಾಗಿ ಇನ್ನಾವ ದಾಖಲೆಯೂ ಹೇಳಲಾರದು. ಪಟ್ಟಿಯ ನೆತ್ತಿಯ ಮೇಲೆ ಶಿವಮೊಗ್ಗದ ಚಿಕ್ಕಮ್ಮ. ದೊಡ್ಡಮ್ಮನಿಗೆ ಅದು ಹೆಮ್ಮೆಯಾಗಿ ಕಂಡಿತು. ‘ನೋಡು, ನನ್ನ ತಂಗಿ ಒಂದಿನಾನೂ ತಪ್ಪಿಸಲ್ಲ.’

ತಪ್ಪಿಸದೇ ಬರುವುದರಲ್ಲಿ ಮೊದಲನೆಯದು ಶುಭೋದಯ. ಇದು ಅರಸೀಕೆರೆಗೆ ಮಾತ್ರ ಸೀಮಿತವಾದ ಪಿಡುಗಲ್ಲ. ಇಂಡಿಯಾದವರ ಫೋನುಗಳು ಯಾಕೆ ಹೀಗೆ ಪದೇ ಪದೇ ಸಿಕ್ಕಿಹಾಕಿಕೊಳ್ಳುತ್ತವೆ ಎಂದು ಗೂಗಲ್ಲಿನವರು ವಿಚಾರಿಸಿದಾಗ ಅವರಿಗೆ ಸಿಕ್ಕ ಆರೋಪಿಗಳಲ್ಲಿ ಗುಡ್ ಮಾರ್ನಿಂಗ್ ಚಿತ್ರಗಳು ಮುಖ್ಯವಾದವು. 2018ರ ಜನವರಿಯಲ್ಲಿ ಅಮೆರಿಕದ ಪತ್ರಿಕೆಗಳಲ್ಲೂ ನಮ್ಮ ಗುಲಾಬಿ ಹೂವುಗಳ ಸುದ್ದಿ ಬಂತು. 2017ರ ಡಿಸೆಂಬರಿನಲ್ಲಿ ಬಿಟ್ಟ ಫೈಲ್ಸ್ ಗೋ ಎಂಬ ಆಪಿಗೆ, ಈಗ ಅದು ಫೈಲ್ಸ್ ಬೈ ಗೂಗಲ್, ಇಂಥ ಚಿತ್ರಗಳನ್ನು ಗುರುತು ಹಿಡಿದು ಒಟ್ಟುಗೂಡಿಸುವ ವಿದ್ಯೆಯನ್ನು ಅವರು ಕಲಿಸಬೇಕಾಯಿತು.

ಕಲಿಸಿದವರಿಗೆ ಒಂದು ಸಂಗತಿ ಹೊಳೆದಿರಲಿಕ್ಕಿಲ್ಲ. ನಮ್ಮ ಶುಭೋದಯದಲ್ಲಿ ಬರೀ ಹೂವಿರುವುದಿಲ್ಲ. ಸೋಮವಾರ ಮಂಜುನಾಥ, ಗುರುವಾರ ರಾಯರು, ಶನಿವಾರ ತಿಮ್ಮಪ್ಪ. ಎಲ್ಲವನ್ನೂ ಗುರುತು ಹಾಕಿ ಇನ್ನೇನು ಅಳಿಸಬೇಕು, ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದರು.

‘ದೇವರ ಪಟ ಕಸಕ್ಕೆ ಹಾಕ್ತೀಯೇನೋ?’

‘ಕಸ ಅಲ್ಲ ದೊಡ್ಡಮ್ಮ, ಡಿಲೀಟು.’

‘ಆ ಗುಂಡಿ ಮೇಲೆ ಕಸದ ಬುಟ್ಟಿ ಬರ್ದಿದಾರಲ್ಲೋ!’

ಬರೆದಿದ್ದರು, ನಿಜ. ಚೌಕಟ್ಟು ಮುರಿದ, ಗಾಜೊಡೆದ ಪಟವಾದರೆ ಅರಳಿಕಟ್ಟೆಯ ಮೇಲೆ ಒರಗಿಸಿಟ್ಟು ಕೈಮುಗಿದು ಬರಬಹುದು. ಜೆಪಿಜಿಯನ್ನು ಎಲ್ಲಿ ಒರಗಿಸುವುದು? ಬಹಳ ಚರ್ಚೆಯಾದ ಮೇಲೆ ವಾರಕ್ಕೊಬ್ಬ ದೇವರಂತೆ ಒಂದೊಂದು ಪಟ ಉಳಿಸಿಕೊಂಡು, ಮಿಕ್ಕವನ್ನು ಅವರು ಸ್ನಾನ ಮಾಡಿ ಬಂದ ಮೇಲೆ ತಾವೇ ಅಳಿಸುವುದೆಂದು ತೀರ್ಮಾನವಾಯಿತು.

ದೇವರುಗಳು ಹಿಡಿದಿದ್ದ ಜಾಗ ದೊಡ್ಡದೇನಲ್ಲ. ತಿನ್ನುವುದೇನಿದ್ದರೂ ವಿಡಿಯೊ. ಐಫೋನಿನಲ್ಲಿ ಫೋರ್‌ಕೆ ಗುಣಮಟ್ಟದಲ್ಲಿ ಒಂದು ನಿಮಿಷ ತೆಗೆದರೆ ಸುಮಾರು 170 ಎಂಬಿ, ಅದೂ ಮಿತವ್ಯಯದ ಲೆಕ್ಕದಲ್ಲಿ. ಗ್ಯಾಲರಿಯಿಂದ ಅದನ್ನು ಯಾರಿಗಾದರೂ ವಾಟ್ಸಾಪ್ ಮಾಡಿದಿರೋ, ಆಂಡ್ರಾಯ್ಡಿನಲ್ಲಿ ‘ಸೆಂಟ್’ ಎಂಬ ಕೋಶದೊಳಗೆ ಅದರದೇ ಒಂದು ಸಣಕಲು ಪ್ರತಿ ಹುಟ್ಟಿಕೊಳ್ಳುತ್ತದೆ. ಅಕ್ಷರಗಳು ಇವರೆದುರು ಸಾಧುಪ್ರಾಣಿಗಳು. ಇಂಗ್ಲಿಷಿನ ಒಂದಕ್ಷರಕ್ಕೆ ಒಂದು ಬೈಟು ಸಾಕು; ಕನ್ನಡದ ಒಂದೊಂದು ಚಿಹ್ನೆಗೆ ಮೂರು ಬೇಕು, ಒತ್ತಕ್ಷರವಾದರೆ ಇನ್ನೂ ಜಾಸ್ತಿ. ಅಷ್ಟು ದುಬಾರಿಯಾಗಿದ್ದೂ ನಾನೂರು ಪುಟದ ಕಾದಂಬರಿ ಎರಡು ಎಂಬಿಯ ಆಸುಪಾಸಿನಲ್ಲಿ ಮುಗಿಯುತ್ತದೆ. ಬೆಳ್ಳುಳ್ಳಿ ಸುಲಿಯುವ ವಿಡಿಯೊ 14 ಎಂಬಿ ಇತ್ತು.

ಕಡೆಯ ತೊಡಕು ಅಳಿಸಿದ ಮೇಲಿನದು. ಅಳಿಸಿದ್ದೆಲ್ಲ ಹೋಗಲಿಲ್ಲ. ಗೂಗಲ್ ಫೋಟೋಸಿನಲ್ಲಿ ಬ್ಯಾಕಪ್ಪಾದ ಚಿತ್ರ ಕಸದ ಬುಟ್ಟಿಯಲ್ಲಿ 60 ದಿನ ಕೂತಿರುತ್ತದೆ, ಆಗದ್ದು 30 ದಿನ. ಬುಟ್ಟಿಯನ್ನೂ ಖಾಲಿ ಮಾಡಬೇಕು. ಫೋಟೋಸ್ ಆಪಿನಿಂದಲೇ ಸೀದಾ ಅಳಿಸಿದರೆ ಕ್ಲೌಡ್ ಎಂಬ ಮೋಡದಲ್ಲಿರುವ ಪ್ರತಿಗೂ ಕುತ್ತು. ಫೋನಿನ ಪ್ರತಿ ಮಾತ್ರ ಹೋಗಬೇಕಾದರೆ ‘ಫ್ರೀ ಅಪ್ ಸ್ಪೇಸ್’ ಒತ್ತಬೇಕು. ಮೋಡದಲ್ಲಾದರೂ ಬೇಕಾದಷ್ಟು ಜಾಗವಿದೆಯೆ? 2021ರ ಜೂನ್ 1ರಿಂದ ಅಲ್ಲೂ ಬಿಟ್ಟಿ ಊಟ ನಿಂತಿದೆ. ಮೇಲು, ಡ್ರೈವು, ಫೋಟೊ ಎಲ್ಲಕ್ಕೂ ಸೇರಿ 15 ಜಿಬಿ.

ಸಂಜೆ ದೀಪ ಹಚ್ಚುವ ಹೊತ್ತಿಗೆ ಬಣ್ಣದ ಪಟ್ಟಿ ಅರ್ಧದಷ್ಟು ಖಾಲಿಯಾಗಿತ್ತು. ವೈಫೈಯಲ್ಲಿ ವಿಡಿಯೊ ತಾನಾಗಿ ಇಳಿಯದಂತೆ ಮಾಡಲಾ ಎಂದು ಕೇಳಿದೆ. ‘ಏನೂ ಬೇಡ, ಬಂದಿದ್ದು ಬರಲಿ’ ಎಂದು ದೊಡ್ಡಮ್ಮ ಫೋನು ಕಿತ್ತುಕೊಂಡರು. ಚಿಕ್ಕಮ್ಮನ ಸೊಸೆಯ ಸೀಮಂತದ ವಿಡಿಯೊಗಳು ಜಾಗವಿಲ್ಲವೆಂದು ಹದಿನೈದು ದಿನದಿಂದ ಶಿವಮೊಗ್ಗದಲ್ಲೇ ಕಾದಿದ್ದವಂತೆ.

‘ಜಾಗ ಆಯ್ತು ಕಣೇ, ಈಗ ಕಳಿಸು. ಪೂರ್ತೀದು ಕಳಿಸು, ಊಟದ ಪಂಕ್ತೀದೂ ಸೇರಿಸಿ.’