ಐವತ್ತು ಹೆಜ್ಜೆ ಮುಂದಿನ ಯಜಮಾನರು

ಶಿವರಾತ್ರಿಗೆ ಇನ್ನೊಂದು ವಾರವಿರುವಾಗ ಹುಣಸೂರಿನಿಂದ ಮೈಸೂರಿನ ಕಡೆಗೆ, ರಸ್ತೆಯ ಅಂಚಿನಲ್ಲಿ, ಹೆಗಲಿಗೆ ಟವೆಲ್ಲು ಬೆನ್ನಿಗೆ ಚೀಲ ಹಾಕಿಕೊಂಡು ಬಿರಬಿರನೆ ಹೋಗುತ್ತಿರುವ ಗಂಡಸೊಬ್ಬ ಕಂಡರೆ, ಪಾಪ ಒಬ್ಬನೇ ಹೊರಟಿದ್ದಾನೆ ಎಂದುಕೊಳ್ಳಬೇಡಿ. ಸ್ವಲ್ಪ ಕಾಯಿರಿ. ಐವತ್ತು ಹೆಜ್ಜೆ ಹಿಂದೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲೊಂದು ಬಟ್ಟೆಚೀಲ ಹಿಡಿದ ಹೆಂಗಸೊಬ್ಬಳು ಬಂದೇ ಬರುತ್ತಾಳೆ. ಇಬ್ಬರ ನಡುವೆ ಮಾತಿಲ್ಲ. ಇವರೇನೂ ಜಗಳವಾಡಿಕೊಂಡವರಲ್ಲ, ಗಂಡ ಹೆಂಡತಿ, ಜೊತೆಯಾಗಿ ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೊರಟವರು. ಆ ‘ಜೊತೆ’ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ಐವತ್ತು ಹೆಜ್ಜೆಯ ಅಗಲವಿದೆ. ನೋಡಿದವರೆಲ್ಲ ಯಜಮಾನರು ದಾರಿ ತೋರಿಸುತ್ತಿದ್ದಾರೆ, ಯಜಮಾನತಿ ಹಿಂಬಾಲಿಸುತ್ತಿದ್ದಾಳೆ ಎಂದೇ ತಿಳಿಯುತ್ತಾರೆ. ಯಜಮಾನರೂ ಹಾಗೆಯೇ ತಿಳಿದಿದ್ದಾರೆ. ನನ್ನ ವಾದ ಇದಕ್ಕೆ ತಿರುಗುಮುರುಗು: ಹಿಂಬಾಲಿಸುತ್ತಿರುವವರು ಯಜಮಾನರೇ. ಆದರೆ ಅವರು ಮುಂದೆ ನಿಂತು ಹಿಂಬಾಲಿಸುವ ಅಪರೂಪದ ವಿದ್ಯೆ ಕಲಿತಿದ್ದಾರೆ.

ಮೊದಲು ದಾರಿಯ ಲೆಕ್ಕ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಹೆಚ್.ಡಿ. ಕೋಟೆಗಳಿಂದ ಹೊರಟವರು ಮೈಸೂರಿನ ಕಡೆಯಿಂದ ತಿರುಮಕೂಡಲು ನರಸೀಪುರ ಹಿಡಿದು, ಕೊಳ್ಳೇಗಾಲ, ಹನೂರು, ಕೌದಳ್ಳಿ ಹಾದು ತಾಳಬೆಟ್ಟದಿಂದ ಕಾಡಿನ ಏರು ಹತ್ತಬೇಕು. ಹುಣಸೂರಿನಿಂದ ಮೈಸೂರಿಗೆ 45 ಕಿಲೋಮೀಟರ್, ಅಲ್ಲಿಂದ ಬೆಟ್ಟಕ್ಕೆ ಸುಮಾರು 150. ಇನ್ನು ಕೆಲವರಿಗೆ ಧರ್ಮಸ್ಥಳದ ಮಂಜುನಾಥನೇ ಆಗಬೇಕು. ಅವರು ಹಾಸನದ ದಾರಿ ಹಿಡಿದು ಘಟ್ಟ ಇಳಿಯುತ್ತಾರೆ. ಕೊಳ್ಳೇಗಾಲ ಸೀಮೆ 1956ರವರೆಗೆ ಮದ್ರಾಸ್ ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಹಾಗಾಗಿ ಅಜ್ಜ ಅಜ್ಜಿ ಹೊರರಾಜ್ಯಕ್ಕೆ ನಡೆದರು, ಅಪ್ಪ ಅವ್ವ ತಮ್ಮದೇ ಜಿಲ್ಲೆಯೊಳಗೆ ನಡೆದರು, 1997ರಲ್ಲಿ ಚಾಮರಾಜನಗರ ಬೇರೆಯಾದ ಮೇಲೆ ಮಕ್ಕಳು ಪಕ್ಕದ ಜಿಲ್ಲೆಗೆ ನಡೆಯುತ್ತಿದ್ದಾರೆ. ಮಾದಪ್ಪ ಕೂತಲ್ಲೇ ಕೂತಿದ್ದಾನೆ. ಕಾಲವೂ ಸುಮ್ಮನೆ ಗೊತ್ತಾದದ್ದಲ್ಲ. ಮೇ ತಿಂಗಳಲ್ಲಿ ಹೊಗೆಸೊಪ್ಪಿನ ಸಸಿ ನೆಟ್ಟು, ಮಳೆಗಾಲವಿಡೀ ಸೊಪ್ಪು ಹದಮಾಡುವ ಬ್ಯಾರನ್ನಿನ ಬೆಂಕಿಗೆ ಸರದಿಯಲ್ಲಿ ನಿದ್ದೆಗೆಟ್ಟು, ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರಗಳ ಹರಾಜು ಕಟ್ಟೆಯಲ್ಲಿ ಬೇಲು ಮಾರಿ, ಸಾಲ ತೀರಿಸಿ, ತೀರದಿದ್ದದ್ದನ್ನು ಮುಂದಕ್ಕೆ ಹಾಕಿ ನಿಟ್ಟುಸಿರು ಬಿಡುವ ಹೊತ್ತಿಗೆ ಶಿವರಾತ್ರಿ ಬಂದಿರುತ್ತದೆ. ಕೈಯಲ್ಲಿ ನಾಲ್ಕು ಕಾಸು, ಹೊಲದಲ್ಲಿ ಕೆಲಸ ಕಡಿಮೆ. ಪಾದಯಾತ್ರೆಗೆ ಭಕ್ತಿಯಷ್ಟೇ ಬಿಡುವೂ ಬೇಕು.

ಈಗ ಹರಕೆಯ ವಿಚಾರಕ್ಕೆ ಬರೋಣ. ನನ್ನ ವಾದದ ಮೊದಲ ಸಾಕ್ಷಿ ಇರುವುದು ಅಲ್ಲಿ. ಹರಕೆ ಹೊರುವವರು ಯಾರು? ಮಗುವಿಗೆ ಜ್ವರ ಬಿಡದಿದ್ದಾಗ, ಮಗಳಿಗೆ ಗಂಡು ಕೂಡಿಬರದಿದ್ದಾಗ, ಕೊಳವೆಬಾವಿಯಲ್ಲಿ ದೂಳಷ್ಟೇ ಎದ್ದಾಗ, ಹಳದಿ ಬಟ್ಟೆಯಲ್ಲಿ ಕಾಸು ಸುತ್ತಿ ದೇವರ ಗೂಡಿನಲ್ಲಿ ಮುಡಿಪು ಕಟ್ಟಿಡುವವಳು ಹೆಂಡತಿ. ಕಟ್ಟುವಾಗ ‘ನಡ್ಕೊಂಡು ಬತ್ತೀವಿ ಕಣಪ್ಪ’ ಎಂದೇ ಹೇಳುತ್ತಾಳೆ. ಆ ಬಹುವಚನದೊಳಗೆ ಯಾರು ಯಾರು ಸೇರಿದ್ದಾರೆಂಬುದು ಯಜಮಾನರಿಗೆ ತಿಳಿಯುವುದು ಮಗುವಿನ ಜ್ವರ ಬಿಟ್ಟ ಮೇಲೆ. ತಿಳಿದ ಮೊದಲ ದಿನ ಗೊಣಗುತ್ತಾರೆ. ಎರಡನೆಯ ದಿನ ಸುಮ್ಮನಿರುತ್ತಾರೆ. ಮೂರನೆಯ ದಿನ ಅಂಗಡಿ ಜಗುಲಿಯ ಮೇಲೆ ಕೂತು, ‘ಈ ಸಲ ಬೆಟ್ಟಕ್ಕೆ ನಡ್ದೇ ಓಗೋಣ ಅಂತ ತೀರ್ಮಾನ ಮಾಡಿವ್ನಿ’ ಎಂದು ಊರಿಗೇ ಹೇಳುತ್ತಾರೆ. ಮಾಡಿದ ತೀರ್ಮಾನವನ್ನು ಹೀಗೆ ತಮ್ಮ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳುವ ಚಾಕಚಕ್ಯತೆಯೇ ಯಜಮಾನಿಕೆ. ತಾಲ್ಲೂಕು ಕಚೇರಿಯಲ್ಲೂ ಇಷ್ಟು ಬೇಗ ಖಾತೆಯಾಗುವುದಿಲ್ಲ.

ಇನ್ನು ನಡಿಗೆ. ಈ ಯಜಮಾನರ ಒಂದೊಂದು ಗುಣವನ್ನೂ ಕ್ಷಮಿಸಬಹುದು, ಒಂದನ್ನು ಬಿಟ್ಟು: ಅವರ ವಿಶ್ರಾಂತಿ. ಅವರು ಗಂಟೆಗೆ 5 ಕಿಲೋಮೀಟರ್ ನಡೆಯುತ್ತಾರೆ ಎನ್ನೋಣ, ಆಕೆ 4; ಹೊರಟಾಗ ಐವತ್ತು ಹೆಜ್ಜೆಯಿದ್ದ ಅಂತರ ಕಟ್ಟೆ ಬರುವಷ್ಟರಲ್ಲಿ ಬೆಳೆದಿರುತ್ತದೆ. ನಾಲ್ಕನೆಯ ಕಿಲೋಮೀಟರಿನಲ್ಲಿ ಒಂದು ಅರಳಿಮರ, ಕಟ್ಟೆ, ಯಾರೋ ಪುಣ್ಯಾತ್ಮರು ಇಟ್ಟ ಅರವಟ್ಟಿಗೆ. ಯಜಮಾನರು 48 ನಿಮಿಷಕ್ಕೆ ಅಲ್ಲಿ ಮುಟ್ಟಿ, ಟವೆಲ್ಲು ಕೊಡವಿ ಹಾಸಿ, ನೀರುಮಜ್ಜಿಗೆ ಕುಡಿದು, ಎರಡನೆಯ ಲೋಟವನ್ನೂ ಕುಡಿದು, ಅರವಟ್ಟಿಗೆಯ ಹುಡುಗನಿಗೆ ಹಿಂದಿನ ಪಾದಯಾತ್ರೆಗಳ ಕಥೆ ಹೇಳಿ, ಒಂದು ಕೈ ಸೊಂಟಕ್ಕೂ ಒಂದು ಕೈ ಹುಬ್ಬಿಗೂ ಇಟ್ಟು ಬಂದ ದಾರಿಯತ್ತ ನೋಡುತ್ತ ನಿಲ್ಲುತ್ತಾರೆ. ಅರವತ್ತನೆಯ ನಿಮಿಷಕ್ಕೆ ಆಕೆ ಮುಖ ಕೆಂಪಗೆ ಮಾಡಿಕೊಂಡು ಬಂದು, ಚೀಲ ಇಳಿಸಲು ಬಗ್ಗುತ್ತಾಳೆ. ಸರಿಯಾಗಿ ಆ ಕ್ಷಣಕ್ಕೆ ಯಜಮಾನರು ಟವೆಲ್ಲು ಎತ್ತಿ ಹೆಗಲಿಗೆಸೆದು, ‘ಬಂದ್ಯಾ? ಸರಿ, ಒಂಟೋಗವ’ ಎನ್ನುತ್ತಾರೆ. ಈ ಮಾತಿನಲ್ಲಿ ಕ್ರೌರ್ಯವಿಲ್ಲ, ಇದ್ದಿದ್ದರೆ ಎದುರು ಮಾತಾಡಬಹುದಿತ್ತು. ಇರುವುದು ಶುದ್ಧ ಉತ್ಸಾಹ. ಅವರಿಗೆ ದಣಿವಾರಿದೆ, ಆದ್ದರಿಂದ ಜಗತ್ತಿಗೇ ಆರಿದೆ. ದಿನಕ್ಕೆ 28 ಕಿಲೋಮೀಟರ್ ಎಂದರೆ ಇಂಥ ಏಳು ಕಟ್ಟೆ; ಅವರಿಗೆ ಒಟ್ಟು 84 ನಿಮಿಷ ವಿಶ್ರಾಂತಿ, ಆಕೆಗೆ ಸೊನ್ನೆ. ಸಂಜೆ ಛತ್ರದಲ್ಲಿ, ‘ಅವ್ಳಿಗೆ ನಡ್ಯಕ್ಕಾಗಕಿಲ್ಲ, ನಾನೇ ಅಲ್ಲಲ್ಲಿ ಕಾಯ್ಕಂಡು ಕರ್ಕಂಡ್ ಬಂದೆ’ ಎಂದು ಅವರು ಹೇಳುವಾಗ ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ ಎಂಬುದೇ ಹೊಟ್ಟೆ ಉರಿಸುವ ಸಂಗತಿ.

ಇದಕ್ಕೆ ಎದುರು ವಾದಗಳಿವೆ. ಗಂಡಸಿನ ಕಾಲು ಉದ್ದ, ಹೆಜ್ಜೆ ದೊಡ್ಡದು, ಇದರಲ್ಲಿ ಸ್ವಭಾವದ ಮಾತೇಕೆ ಎನ್ನುವವರುಂಟು. ಅದೇ ಉದ್ದ ಕಾಲು ಹರಾಜು ಕಟ್ಟೆಯಿಂದ ಮನೆಗೆ ಬರುವಾಗ, ದರ ಕಡಿಮೆ ಸಿಕ್ಕ ದಿನ, ಎಷ್ಟು ಸಣ್ಣ ಹೆಜ್ಜೆ ಇಡಬಲ್ಲದೆಂಬುದನ್ನು ಊರೇ ನೋಡಿದೆ. ಇನ್ನೊಂದು ವಾದ ತೂಕದ್ದು: ಲಾರಿ ಓಡಾಡುವ ರಸ್ತೆ, ಮುಂದೆ ಆನೆ ತಿರುಗುವ ಕಾಡು, ಯಜಮಾನರು ಕಾವಲಿಗಾಗಿ ಮುಂದಿದ್ದಾರೆ ಎಂಬುದು. ನಾಗರಹೊಳೆಯ ಅಂಚಿನಲ್ಲಿ ಬದುಕುವವರ ಮುಂದೆ ಆನೆಯ ವಿಷಯದಲ್ಲಿ ಜಂಬ ಸಲ್ಲದು. ಆದರೂ ಕೇಳುತ್ತೇನೆ, ನಮ್ಮಲ್ಲಿ ಕಾಯುವವನು ಎಲ್ಲಿ ನಡೆಯುತ್ತಾನೆ? ಕುರಿ ಕಾಯುವವನು ಮಂದೆಯ ಹಿಂದೆ. ದನ ಹೊಡೆದುಕೊಂಡು ಬರುವ ಹುಡುಗ ದನದ ಹಿಂದೆ. ಗಾಡಿ ಹೊಡೆಯುವವನು ಎತ್ತಿನ ಹಿಂದೆ, ಆರು ಕಟ್ಟಿ ಉಳುವವನೂ ಎತ್ತಿನ ಹಿಂದೆ. ದಿಕ್ಕು ಗೊತ್ತಿರುವವರು ಹಿಂದೆ ಇರುತ್ತಾರೆ. ಮುಂದೆ ಇರುವ ಎತ್ತು, ಗಾಡಿಯನ್ನು ತಾನೇ ಕರೆದುಕೊಂಡು ಹೋಗುತ್ತಿದ್ದೇನೆ ಎಂದು ಭಾವಿಸಿದ್ದರೆ ಅದರ ಸಂತೋಷಕ್ಕೆ ನಾವೇಕೆ ಅಡ್ಡ ಬರಬೇಕು? ಯಜಮಾನರು ಎಲ್ಲಿ ತಿರುಗಬೇಕೋ ಅಲ್ಲಿ ನಿಂತು ಹಿಂತಿರುಗಿ ನೋಡುತ್ತಾರೆ. ಐವತ್ತು ಹೆಜ್ಜೆಯಾಚೆಯಿಂದ ಒಂದು ಗದ್ದ ಎಡಕ್ಕೋ ಬಲಕ್ಕೋ ಅಲ್ಲಾಡುತ್ತದೆ. ಎತ್ತು ತಿರುಗುತ್ತದೆ.

ನಮ್ಮ ಸೀಮೆಯ ದೇವರುಗಳೂ ಈ ಗುಟ್ಟನ್ನು ಬಲ್ಲರು. ದೂರದ ದಾರಿ ನಡೆದ ದಂಪತಿಗಳಲ್ಲಿ ರಾಮ ಸೀತೆಯರಿಗಿಂತ ಹಿರಿಯರು ಯಾರು? ಅವರು ವನವಾಸದಲ್ಲಿ ಕೆ.ಆರ್. ನಗರದ ಬಳಿಯ ಚುಂಚನಕಟ್ಟೆಗೆ ಬಂದಿದ್ದರೆಂದೂ, ಚುಂಚ ಮತ್ತು ಚುಂಚಿ ಎಂಬ ಕಾಡಿನ ಗಂಡ ಹೆಂಡತಿ ಅವರನ್ನು ಉಪಚರಿಸಿದರೆಂದೂ ಸ್ಥಳದ ಕಥೆ. ಬೇರೆ ಕಡೆ ರಾಮನ ಎಡಕ್ಕೆ ನಿಲ್ಲುವ ಸೀತೆ ಅಲ್ಲಿಯ ಕೋದಂಡರಾಮನ ಗುಡಿಯಲ್ಲಿ ಬಲಕ್ಕೆ ನಿಂತಿದ್ದಾಳೆ. ಅಷ್ಟು ದೂರ ನಡೆದವಳು ಎಲ್ಲಿ ಬೇಕಾದರೂ ನಿಲ್ಲಬಹುದು. ಕಾವೇರಿ ಪಕ್ಕದಲ್ಲೇ ಭೋರ್ಗರೆದು ಧುಮುಕಿದರೂ ಗರ್ಭಗುಡಿಯೊಳಗೆ ಆ ಸದ್ದು ಕೇಳುವುದಿಲ್ಲವೆಂಬ ಪ್ರತೀತಿಯೂ ಇದೆ; ಈ ವಿದ್ಯೆ ತಮಗೂ ಬಂದಿದ್ದರೆ ಎಂದು ಅಲ್ಲಿ ಕಣ್ಣು ಮುಚ್ಚಿ ನಿಂತ ಗಂಡಂದಿರು ಬೇಡಿಕೊಳ್ಳುತ್ತಿರಬಹುದು. ಹುಣಸೂರಿನ ನದಿಯೋ, ಅಣ್ಣನ ಬಾಯಾರಿಕೆಗೆಂದು ಲಕ್ಷ್ಮಣ ಬ್ರಹ್ಮಗಿರಿಗೆ ಬಾಣ ಹೊಡೆದು ಬರಿಸಿದ ಲಕ್ಷ್ಮಣತೀರ್ಥ. ಜೋಡಿ ನಡಿಗೆಗೆ ನೀರು ತರಲು ಮೈದುನನೊಬ್ಬ ಬೇಕೇ ಬೇಕೆಂಬುದು ಅಂದಿನಿಂದ ಗೊತ್ತಿರುವ ಮಾತು. ಇಂದು ಅವನು ಮೋಟರ್‌ಬೈಕಿನಲ್ಲಿ ನೀರಿನ ಕ್ಯಾನು ಕಟ್ಟಿಕೊಂಡು ಬರುತ್ತಾನೆ. ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಮಾದಪ್ಪನ ಕಥೆಯಲ್ಲೇ ಇದೆ. ಸೋಲಿಗರ ನೀಲೇಗೌಡ ಜೇನಿಗೆಂದು ಕಾಡಿಗೆ ಹೊರಟಾಗ ಹೆಂಡತಿ ಸಂಕಮ್ಮನನ್ನು ನಂಬದೆ ಭಾಷೆ ಕೊಡು ಎಂದು ಹಿಂಸಿಸಿದ; ಅವಳು ಕೊಡಲಿಲ್ಲ; ಕಟ್ಟಿಹಾಕಿ ಹೋದ. ಮಾದಪ್ಪ ಬಂದದ್ದು ಕಾಡಿನಲ್ಲಿ ಮುಂದೆ ಮುಂದೆ ಹೋದ ಗಂಡನ ಹತ್ತಿರಕ್ಕಲ್ಲ, ಹಿಂದೆ ಉಳಿದ ಸಂಕಮ್ಮನ ಹತ್ತಿರಕ್ಕೆ. ಕಂಸಾಳೆಯವರು ರಾತ್ರಿಯಿಡೀ ಈ ಕಥೆ ಹಾಡುವಾಗ ಯಜಮಾನರು ಮುಂದಿನ ಸಾಲಿನಲ್ಲಿ ಕೂತು ತಲೆದೂಗುತ್ತಾರೆ. ನೀಲೇಗೌಡ ತಮಗೆ ಯಾವ ರೀತಿಯಲ್ಲೂ ಸಂಬಂಧಿಯಲ್ಲವೆಂಬ ನೆಮ್ಮದಿ ಅವರ ಮುಖದಲ್ಲಿರುತ್ತದೆ.

ಉಳಿದ ಗುಣಗಳನ್ನು ಬೇಗ ಮುಗಿಸುತ್ತೇನೆ. ದೊಡ್ಡ ಚೀಲ ಅವರ ಬೆನ್ನಿನ ಮೇಲೆ. ಆದರೆ ಹರಳೆಣ್ಣೆ, ಸೂಜಿ ದಾರ, ಕರ್ಪೂರ, ಮುಡಿಪು, ಅವರದೇ ಬಿ.ಪಿ. ಮಾತ್ರೆ ಎಲ್ಲ ಹೊರಬೀಳುವುದು ಆಕೆಯ ಪುಟ್ಟ ಚೀಲದಿಂದ. ಫೋನಿನಲ್ಲಿ ಹೆಜ್ಜೆ ಎಣಿಸುತ್ತಾರೆ, ಸಂಜೆ ಅದನ್ನು ನೆಂಟರಿಗೆಲ್ಲ ಕಳಿಸುತ್ತಾರೆ. ಆಕೆಯ ಹೆಜ್ಜೆ ಸಣ್ಣದಾದ್ದರಿಂದ ಅದೇ ದೂರಕ್ಕೆ ಲೆಕ್ಕ ಹೆಚ್ಚಾಗಬೇಕೆಂಬುದು ಅವರಿಗೆ ಹೊಳೆದಿಲ್ಲ, ಹೊಳೆಸುವುದು ಬೇಡ. ಬೊಬ್ಬೆ ಎದ್ದರೆ ಆಕೆಗೆ ಅದು ಬೊಬ್ಬೆ, ಅವರಿಗೆ ಸಮಾಚಾರ. ಹೊಸದಾಗಿ ಮದುವೆಯಾದ ಹುಡುಗ ಹುಡುಗಿಯರು ಪಕ್ಕಪಕ್ಕದಲ್ಲೇ ನಡೆಯುತ್ತಾರಲ್ಲ ಎಂದರೆ, ನಡೆಯುತ್ತಾರೆ, ನಿಜ; ನರಸೀಪುರದವರೆಗೆ. ಅಲ್ಲಿ ಹೆಚ್.ಡಿ. ಕೋಟೆಯ ಕಡೆಯಿಂದ ಬಂದ ಕಪಿಲೆಯೂ ಕೆ.ಆರ್. ನಗರ ಹಾದು ಬಂದ ಕಾವೇರಿಯೂ ಕೂಡುತ್ತವೆ, ಫೋಟೋ ತೆಗೆಸಿಕೊಳ್ಳುತ್ತಾರೆ. ಸಂಗಮ ದಾಟಿದ ಮೇಲೆ ಬಿಸಿಲು ಏರಿದಂತೆ ಹುಡುಗ ಒಂದು ಹೆಜ್ಜೆ, ಎರಡು ಹೆಜ್ಜೆ ಮುಂದಾಗುತ್ತಾನೆ. ಐವತ್ತನ್ನು ಮುಟ್ಟಲು ವರ್ಷಗಳು ಬೇಕು, ಆದರೆ ಎಣಿಕೆ ಶುರುವಾಗಿರುತ್ತದೆ. ತರಕಾರಿ ತರಲು ಹೊರಟಾಗಲೂ ಮನೆಯವಳಿಗಿಂತ ಒಂದು ಲೈಟು ಕಂಬ ಮುಂದಿರುವ ಕುಲದವನೇ ಆದ್ದರಿಂದ ಈ ಎಣಿಕೆಯಲ್ಲಿ ನನಗೆ ತಪ್ಪಾಗಲಾರದು.

ಕೊನೆಯ ಆಕ್ಷೇಪ ಹೆಂಗಸರ ಕಡೆಯಿಂದ ಬರುವಂಥದ್ದು, ಅದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ‘ಹಿಂದೆ ಇರುವವಳೇ ಸಾರಥಿ ಅಂತ ಹೊಗಳಿ ಹೊಗಳಿಯೇ ನಮ್ಮನ್ನು ಹಿಂದೆ ಇಟ್ಟಿದ್ದೀರಿ, ಸಾರಥಿ ಕೂತಿರುತ್ತಾನೆ, ನಾವು ನಡೀತಾ ಇದ್ದೀವಿ’ ಎಂದರೆ ಏನು ಹೇಳುವುದು? ಒಪ್ಪಬೇಕು. ಗಂಡನನ್ನೂ ಮನೆಯನ್ನೂ ಬಿಟ್ಟು ಶ್ರೀಶೈಲಕ್ಕೆ ಒಬ್ಬಳೇ ನಡೆದ ಅಕ್ಕಮಹಾದೇವಿ ಈ ಲೆಕ್ಕವನ್ನೇ ಹರಿದುಹಾಕಿದಳು. ಅವಳ ಮುಂದೆ ಐವತ್ತು ಹೆಜ್ಜೆ ಯಾರೂ ಇರಲಿಲ್ಲ. ಎಲ್ಲರೂ ಅಕ್ಕನಾಗಲಾರರು, ಆಗಬೇಕೆಂದು ಹೇಳುವ ಹಕ್ಕೂ ನನಗಿಲ್ಲ. ನಾನು ಹೇಳುವುದು ಇಷ್ಟೆ: ಆ ನಡುವಿನ ಐವತ್ತು ಹೆಜ್ಜೆ ಖಾಲಿ ಜಾಗವಲ್ಲ. ಬ್ಯಾರನ್ನಿನ ಮುಂದೆ ಒಬ್ಬರು ಮಲಗಿದಾಗ ಒಬ್ಬರು ಎದ್ದು ಬೆಂಕಿ ನೋಡಿದ ರಾತ್ರಿಗಳಿಂದ ಅಳೆದು ಕಟ್ಟಿದ ದೂರ ಅದು. ಕೂಗಿದರೆ ಕೇಳಬೇಕು, ಗೊಣಗಿದರೆ ಕೇಳಬಾರದು. ಜಪಾನಿನ ಶಿಕೊಕು ದ್ವೀಪದಲ್ಲಿ 88 ಗುಡಿಗಳನ್ನು ಸುತ್ತುವ ಸುಮಾರು 1,200 ಕಿಲೋಮೀಟರಿನ ಯಾತ್ರೆಯಿದೆ. ಒಂಟಿಯಾಗಿ ನಡೆಯುವವನ ಹುಲ್ಲುಟೋಪಿಯ ಮೇಲೂ ‘ಇಬ್ಬರು ಜೊತೆಗೆ’ ಎಂಬ ಅರ್ಥದ ಮಾತು ಬರೆದಿರುತ್ತದೆ. ಎರಡನೆಯವರು ಅವರ ಗುರು ಕೊಬೊ ದಾಯಿಶಿ. ನಮ್ಮಲ್ಲಿ ಟೋಪಿ ಇಲ್ಲ, ಬರಹವಿಲ್ಲ. ಆದರೆ ವಯಸ್ಸಾದ ಗಂಡಸೊಬ್ಬ ಒಂಟಿಯಾಗಿ ನಡೆಯುತ್ತ, ನಾಲ್ಕನೆಯ ಕಿಲೋಮೀಟರಿನ ಕಟ್ಟೆಯಲ್ಲಿ ಒಂದು ಕೈ ಸೊಂಟಕ್ಕೆ, ಒಂದು ಕೈ ಹುಬ್ಬಿಗೆ ಇಟ್ಟು ಬಂದ ದಾರಿಯನ್ನು ನೋಡುತ್ತ ನಿಂತರೆ ಅರ್ಥ ಅದೇ. ಹನ್ನೆರಡು ನಿಮಿಷ ಕಳೆಯುತ್ತದೆ. ‘ಒಂಟೋಗವ’ ಎನ್ನಿಸಿಕೊಳ್ಳಲು ಯಾರೂ ಬರುವುದಿಲ್ಲವಾದ್ದರಿಂದ ಹೊರಡುವುದು ಹೇಗೆಂದೇ ತಿಳಿಯುವುದಿಲ್ಲ.

ಹಾಸ್ಯ ಬರೆಯಲು ಕೂತವನು ಎಲ್ಲಿಗೋ ಹೋದೆ. ತಾಳಬೆಟ್ಟಕ್ಕೆ ಬರೋಣ. ಅಲ್ಲಿಂದ ಮೇಲಕ್ಕೆ ರಸ್ತೆಯಲ್ಲಾದರೆ 18 ಕಿಲೋಮೀಟರ್, ಬರೀ ಏರು. ಸಮತಟ್ಟಿನಲ್ಲಿ ಕಾಲನ್ನೆಲ್ಲ ಖರ್ಚು ಮಾಡಿಬಂದ ಯಜಮಾನರ ಮಂಡಿ ಇಲ್ಲಿ ಮಾತಾಡತೊಡಗುತ್ತದೆ. ಒಂದೇ ಲಯದಲ್ಲಿ ಬಂದವಳಿಗೆ ಏರೂ ಅದೇ ಲಯ. ಉಘೇ ಉಘೇ ಎನ್ನುವ ಪರಸೆಯ ನಡುವೆ ಆಕೆ ಅವರನ್ನು ದಾಟುತ್ತಾಳೆ, ದಾಟಿದ್ದನ್ನು ಇಬ್ಬರೂ ಕಾಣದಂತೆ ಇರುತ್ತಾರೆ. ಮೊದಲ ತಿರುವಿನ ಬಂಡೆಯ ಮೇಲೆ ಕೂತು ಆಕೆ ಸೆರಗಿನಲ್ಲಿ ಗಾಳಿ ಬೀಸಿಕೊಳ್ಳುತ್ತಾಳೆ. ಯಜಮಾನರು ಏದುಸಿರು ಬಿಡುತ್ತ ಬಂದು, ಚೀಲ ಇಳಿಸಲು ಬಗ್ಗುತ್ತಾರೆ. ಆಕೆ ಎದ್ದು ಸೆರಗು ಸಿಕ್ಕಿಸುತ್ತ, ‘ಬಂದ್ರಾ? ಒಂಟೋಗನ್ರಿ ಮತ್ತೆ’ ಎನ್ನುತ್ತಾಳೆ. ಮರಳಿ ಬರುವುದು ಬಸ್ಸಿನಲ್ಲಿ. ಅಷ್ಟು ದಿನದ ದಾರಿ ಅರ್ಧ ದಿನದಲ್ಲಿ ಮುಗಿಯುವ ಆ ಬಸ್ಸಿನಲ್ಲಿ ಇಬ್ಬರೂ ಮೊದಲ ಸಲ ಪಕ್ಕಪಕ್ಕದಲ್ಲಿ ಇರುತ್ತಾರೆ. ಕೌದಳ್ಳಿ ಬರುವಷ್ಟರಲ್ಲಿ ಯಜಮಾನರ ತಲೆ ಆಕೆಯ ಹೆಗಲಿಗೆ ವಾಲಿ ಗೊರಕೆ ಶುರುವಾಗಿರುತ್ತದೆ. ಬೆಟ್ಟದಲ್ಲಿ ಮಂಗಳಾರತಿಯ ಹೊತ್ತಿಗೆ ಆಕೆ ಇನ್ನೊಂದು ಹರಕೆ ಹೊತ್ತು ಬಂದಿದ್ದಾಳೆ, ಅದನ್ನು ಈಗಲೇ ಎಬ್ಬಿಸಿ ಹೇಳುವ ಅವಸರ ಆಕೆಗಿಲ್ಲ: ಇವರ ಮಂಡಿನೋವು ವಾಸಿಯಾದರೆ ಮುಂದಿನ ವರ್ಷವೂ ನಡ್ಕೊಂಡು ಬತ್ತೀವಿ ಕಣಪ್ಪ.