ಎರಡನೇ ಸಲದವರ ಮಾಕ್ ಮಹಾತ್ಮೆ

ಐಐಎಂ ಸೇರಲು ಬರೆಯುವ ಕ್ಯಾಟ್ ಪರೀಕ್ಷೆಯನ್ನು ಎಷ್ಟು ಸಲ ಬೇಕಾದರೂ ಬರೆಯಬಹುದು. ವಯಸ್ಸಿನ ಮಿತಿಯಿಲ್ಲ, ಇಷ್ಟೇ ಸಲ ಎಂಬ ಲೆಕ್ಕವೂ ಇಲ್ಲ. ಐಐಎಂಗಳ ಈ ಔದಾರ್ಯದ ಫಲವಾಗಿ ಬೆಂಗಳೂರಿನಲ್ಲಿ ಒಂದು ಹೊಸ ಪಂಗಡವೇ ಹುಟ್ಟಿಕೊಂಡಿದೆ: ಹಗಲು ಸಾಫ್ಟ್‌ವೇರ್, ರಾತ್ರಿ ಮಾಕ್ ಟೆಸ್ಟ್ ಎಂಬ ಅಣಕು ಪರೀಕ್ಷೆ. ಬನ್ನೇರುಘಟ್ಟ ರಸ್ತೆಯ ಐಐಎಂ ಗೇಟನ್ನು ಬಸ್ಸಿನ ಕಿಟಕಿಯಿಂದ ನೋಡಿ ಮುಂದೆ ಹೋಗುವ ಈ ಮಂದಿ, ಹೋದ ವರ್ಷ ಹದಿನೈದು ಮಾಕ್ ಬರೆದಿದ್ದರೆ ಈ ವರ್ಷ ಮೂವತ್ತು ಎಂದು ಸಂಕಲ್ಪ ಮಾಡುತ್ತಾರೆ. ದುಡ್ಡು ಕಟ್ಟಿ ಮಾಕ್‌ಗಳ ಪ್ಯಾಕ್ ಕೊಂಡಾಗಿದೆ, ಬಿಟ್ಟರೆ ನಷ್ಟ ಎಂಬ ಗೃಹಸ್ಥ ಬುದ್ಧಿಯೂ ಇದಕ್ಕೆ ಸೇರಿಕೊಳ್ಳುತ್ತದೆ. ನನ್ನ ವಾದ ಇದಕ್ಕೆ ಪೂರ್ತಿ ವಿರುದ್ಧ. ಎರಡನೇ ಸಲ ಬರೆಯುವವರು ಮಾಕ್‌ಗಳನ್ನು ಅರ್ಧಕ್ಕಿಳಿಸಬೇಕು. ಬರೆದ ಒಂದೊಂದರ ಮುಂದೆಯೂ, ಬರೆಯಲು ಹಿಡಿದ ಹೊತ್ತಿನ ಎರಡರಷ್ಟು ಹೊತ್ತು ಕೂರಬೇಕು.

ಮಾಕ್ ಬರೆಯುವುದೇ ವ್ಯರ್ಥ ಎಂದು ಹೇಳುತ್ತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗ ಪ್ರಸಿದ್ಧ. ಕೆಲವು ವಿದ್ಯಾರ್ಥಿಗಳು ಒಂದು ಬರಹವನ್ನು ಮತ್ತೆ ಮತ್ತೆ ಓದಿದರು. ಇನ್ನು ಕೆಲವರು ಓದಿದ್ದನ್ನು ನೆನಪಿನಿಂದ ಬರೆದು ತಮ್ಮನ್ನು ತಾವೇ ಪರೀಕ್ಷಿಸಿಕೊಂಡರು. ಐದು ನಿಮಿಷದ ನಂತರ ಕೇಳಿದಾಗ ಓದಿದವರು ಗೆದ್ದರು. ವಾರ ಕಳೆದು ಕೇಳಿದಾಗ ಬರೆದವರು ಗೆದ್ದರು. ತಮಾಷೆ ಏನೆಂದರೆ, ತಮಗೆ ಚೆನ್ನಾಗಿ ನೆನಪಿರುತ್ತದೆ ಎಂಬ ಭರವಸೆ ಹೆಚ್ಚಿದ್ದದ್ದು ಓದುತ್ತಲೇ ಕೂತವರಿಗೆ. ಹಾಗಾಗಿ ಪರೀಕ್ಷೆ ಬರೆಯುವುದೂ ಕಲಿಕೆಯೇ, ಸರಿ. ಆದರೆ ತಪ್ಪು ದಾರಿಯಲ್ಲಿ ಬಿಡಿಸಿದ ಲೆಕ್ಕವನ್ನು ತಿದ್ದದೆ ಬಿಟ್ಟರೆ ಅಭ್ಯಾಸವಾಗುವುದು ಆ ತಪ್ಪು ದಾರಿಯೇ. ಎರಡನೇ ಸಲದವರ ಕೈಯಲ್ಲಿ ಅಂಥ ಪಳಗಿದ ತಪ್ಪುಗಳ ಒಂದು ವರ್ಷದ ದಾಸ್ತಾನಿರುತ್ತದೆ.

ಅಂಕದ ಮೋಹ ಇನ್ನೊಂದು. ಮಾಕ್ ಮುಗಿದ ಕೂಡಲೇ ಪರ್ಸೆಂಟೈಲಿನ ಸ್ಕ್ರೀನ್‌ಶಾಟ್ ವಾಟ್ಸಾಪ್ ಗುಂಪಿಗೆ ಹೋಗುತ್ತದೆ. ಇಳಿದಿದ್ದರೆ ಪೇಪರ್ ತಯಾರಿಸಿದವರಿಗೇ ಬುದ್ಧಿಯಿಲ್ಲ. ಕುಣಿಯಲಾರದವಳು ನೆಲ ಡೊಂಕು ಎನ್ನುವ ಹಕ್ಕು ಎಲ್ಲರಿಗೂ ಇದೆ. ಆದರೆ ಏರಿದ್ದರೂ ನಂಬುವಂತಿಲ್ಲ. ಹೋದ ವರ್ಷ ಕಂಡ ಪ್ರಶ್ನೆ ಈ ವರ್ಷ ಮತ್ತೆ ಎದುರಾದರೆ, ಬಿಡಿಸುವ ಮೊದಲೇ ಉತ್ತರ ನೆನಪಾಗುತ್ತದೆ. ಹಳೆಯ ಮಾಕ್‌ಗಳ ಗಂಟು ಇಟ್ಟುಕೊಂಡವರು ಇನ್ನೊಂದು ಸಂಗತಿ ಗಮನಿಸಬೇಕು: 2019ರವರೆಗೆ ಪರೀಕ್ಷೆ ಮೂರು ಗಂಟೆಯದಾಗಿತ್ತು, ನೂರು ಪ್ರಶ್ನೆ. 2020ರಿಂದ ಎರಡೇ ಗಂಟೆ, ಒಂದೊಂದು ವಿಭಾಗಕ್ಕೆ 40 ನಿಮಿಷ, ನಡುವೆ ಇನ್ನೊಂದು ವಿಭಾಗಕ್ಕೆ ಹಾರುವಂತಿಲ್ಲ. ರಾತ್ರಿ ಹನ್ನೊಂದಕ್ಕೆ ಮಂಚದ ಮೇಲೆ ಒರಗಿ, ನಡುವೆ ಎದ್ದು ಕಾಫಿ ಕಾಸಿಕೊಂಡು ಬರೆದ ಮಾಕ್‌ಗೂ ಈ ಪರೀಕ್ಷೆಗೂ ಹೆಸರಿನ ಸಂಬಂಧ ಮಾತ್ರ.

ಹಾಗಾದರೆ ಕೂತು ನೋಡಬೇಕಾದದ್ದು ಏನು? ಸರಿಯುತ್ತರಕ್ಕೆ 3 ಅಂಕ, ಆಯ್ಕೆ ಕೊಟ್ಟ ಪ್ರಶ್ನೆ ತಪ್ಪಾದರೆ 1 ಕಡಿತ. ಒಬ್ಬರು ಅಂಥ ಇಪ್ಪತ್ತು ಪ್ರಶ್ನೆ ಮುಟ್ಟಿ ಹನ್ನೆರಡು ಸರಿ ಮಾಡಿದರೆ 28 ಅಂಕ. ಇನ್ನೊಬ್ಬರು ಹದಿನೈದೇ ಮುಟ್ಟಿ ಅದೇ ಹನ್ನೆರಡು ಸರಿ ಮಾಡಿದರೆ 33. ಮೊದಲನೆಯವರಿಗೆ ಇನ್ನೊಂದು ಗಣಿತದ ಪುಸ್ತಕ ಬೇಕಾಗಿಲ್ಲ, ಎಂಟು ತಪ್ಪುಗಳ ಮುಂದೆ ಕೂರುವ ತಾಳ್ಮೆ ಬೇಕು. ಅವುಗಳಲ್ಲಿ ಸೂತ್ರ ಗೊತ್ತಿಲ್ಲದೆ ಹೋದದ್ದು ಸಾಮಾನ್ಯವಾಗಿ ಒಂದೆರಡು. ಮಿಕ್ಕವು ಅವಸರದ್ದೋ, ಕೈಹಾಕಲೇಬಾರದಾಗಿದ್ದ ಪ್ರಶ್ನೆಗಳೋ ಆಗಿರುತ್ತವೆ. ದತ್ತಾಂಶ ಮತ್ತು ತರ್ಕದ ಪ್ರಶ್ನೆಗಳು ಸೆಟ್‌ಗಳಾಗಿ ಬರುವ ಡಿಐಎಲ್ಆರ್ ವಿಭಾಗದಲ್ಲಂತೂ ಇದು ಕಣ್ಣಿಗೆ ಹೊಡೆಯುತ್ತದೆ. ಒಂದು ಸೆಟ್ ಹಿಡಿದು ಎಂಟು ನಿಮಿಷವಾಗಿದೆ, ಕೋಷ್ಟಕದಲ್ಲಿ ಮೂರು ಮನೆ ತುಂಬಿವೆ, ನಾಲ್ಕನೆಯದು ಜಪ್ಪಯ್ಯ ಎಂದರೂ ತುಂಬುತ್ತಿಲ್ಲ. ಇಷ್ಟು ಹೊತ್ತು ಕಾದ ಮೇಲೆ ಈಗ ಆಟೋ ಹತ್ತುವುದೇ ಎಂದು ಬಸ್‌ಸ್ಟಾಪಿನಲ್ಲಿ ನಿಂತೇ ಇರುವವರ ಹಾಗೆ ನಮ್ಮ ಅಭ್ಯರ್ಥಿ ಅಲ್ಲೇ ನಿಂತುಬಿಡುತ್ತಾರೆ. ಹದಿನೆಂಟನೇ ನಿಮಿಷಕ್ಕೆ ಸೆಟ್ ಬಿಡಿಸಿದ ಸಂತೋಷವೇನೋ ಸಿಗುತ್ತದೆ, ಆದರೆ ಅಷ್ಟರಲ್ಲಿ ಎರಡು ಸುಲಭದ ಸೆಟ್‌ಗಳು ಕಣ್ಣಿಗೆ ಬೀಳದೆ ಹೋಗಿರುತ್ತವೆ. ಮೂವತ್ತು ಮಾಕ್ ಬರೆದರೆ ಈ ಚಟ ಮೂವತ್ತು ಸಲ ನಡೆಯುತ್ತದೆ, ಅಷ್ಟೇ.

ಟಾಪರ್‌ಗಳೆಲ್ಲ ನಲವತ್ತು ಐವತ್ತು ಮಾಕ್ ಬರೆದವರಲ್ಲವೇ ಎಂದು ಕೇಳುವವರಿದ್ದಾರೆ. ಇರಬಹುದು. ಐವತ್ತು ಬರೆದೂ ಸೀಟು ಸಿಗದವರನ್ನು ಯಾರೂ ಹಾರ ಹಾಕಿ ಸಂದರ್ಶನ ಮಾಡುವುದಿಲ್ಲವಾದ್ದರಿಂದ ಲೆಕ್ಕ ಒಂದೇ ಕಡೆಗೆ ವಾಲಿರುತ್ತದೆ. ಭಯ ಹೋಗಲು, ಕೂರುವ ತ್ರಾಣ ಬರಲು ಹೆಚ್ಚು ಮಾಕ್ ಬೇಕೆನ್ನುವುದು ಇನ್ನೊಂದು ಆಕ್ಷೇಪ. ಇದರಲ್ಲಿ ಹುರುಳಿದೆ, ಮೊದಲ ಸಲದವರ ಮಟ್ಟಿಗೆ. ನಿಜವಾದ ಕೇಂದ್ರದಲ್ಲಿ, ನಿಜವಾದ ಗಡಿಯಾರದ ಎದುರು ಒಮ್ಮೆ ಬೆವೆತು ಬಂದವರಿಗೆ ವಾರಕ್ಕೊಂದು ಮಾಕ್ ಧಾರಾಳವಾಯಿತು. ಅದನ್ನು ಅಡ್ಮಿಟ್ ಕಾರ್ಡಿನಲ್ಲಿ ಕಂಡ ಪಾಳಿಯ ಹೊತ್ತಿಗೇ ಬರೆಯಲಿ. ಕಾರ್ಡ್ ಬರುವ ತನಕ ಬೆಳಿಗ್ಗೆ ಎಂಟೂವರೆ, ಮಧ್ಯಾಹ್ನ ಹನ್ನೆರಡೂವರೆ, ಸಂಜೆ ನಾಲ್ಕೂವರೆಗಳಲ್ಲಿ ಬದಲಾಯಿಸುತ್ತಿರಲಿ. ಊಟವಾದ ಮೇಲೆ ತಮ್ಮ ಇಂಗ್ಲಿಷ್ ಎಷ್ಟು ಉಳಿದಿರುತ್ತದೆಂದು ತಿಳಿಯುವುದೂ ಒಂದು ಜ್ಞಾನವೇ.

ವಿಚಿತ್ರವೆಂದರೆ, ಎಲ್ಲಕ್ಕಿಂತ ಒಳ್ಳೆಯ ಮಾಕ್ ಎರಡನೇ ಸಲದವರಿಗೆ ಪುಕ್ಕಟೆಯಾಗಿಯೇ ಬಂದಿರುತ್ತದೆ. ಪರೀಕ್ಷೆ ಮುಗಿದ ಮೇಲೆ ಸರಿಯುತ್ತರಗಳ ಜೊತೆಗೆ ಪ್ರತಿಯೊಬ್ಬರ ರೆಸ್ಪಾನ್ಸ್ ಶೀಟನ್ನೂ ಐಐಎಂನವರು ವೆಬ್‌ಸೈಟಿನಲ್ಲಿ ಹಾಕುತ್ತಾರೆ. ಯಾವುದನ್ನು ಮುಟ್ಟಿದಿರಿ, ಯಾವುದನ್ನು ಬಿಟ್ಟಿರಿ, ಎಲ್ಲಿ ಎಡವಿದಿರಿ ಎಂಬುದರ ಚಿತ್ರಗುಪ್ತನ ಲೆಕ್ಕ ಅದು. ಬಹಳಷ್ಟು ಜನ ಅದರಲ್ಲಿ ಒಟ್ಟು ಅಂಕ ಕೂಡಿಸಿ, ನಿಟ್ಟುಸಿರು ಬಿಟ್ಟು, ಮುಚ್ಚಿಬಿಡುತ್ತಾರೆ. ಆಮೇಲೆ ದುಡ್ಡು ಕೊಟ್ಟು ಬೇರೆ ಪೇಪರ್ ಕೊಳ್ಳುತ್ತಾರೆ. ನಿಮ್ಮದು ಕಂಪ್ಯೂಟರಿನ ಯಾವುದೋ ಮೂಲೆಯಲ್ಲಿದ್ದರೆ ಈ ಭಾನುವಾರ ಹೊಸ ಮಾಕ್ ಬದಲು ಅದನ್ನೇ ತೆರೆಯಿರಿ. ಇಳಿಸಿಕೊಳ್ಳದೇ ಬಿಟ್ಟಿದ್ದರೆ, ಈ ಡಿಸೆಂಬರಿನಲ್ಲಾದರೂ ಇಳಿಸಿಕೊಳ್ಳಿ; ಅದರ ಅಗತ್ಯ ನಿಮಗೆ ಬೀಳದಿರಲಿ.