ತೂಕಕ್ಕೆ ಬಾರದ ಸೋಫಾ

ದಾವಣಗೆರೆಯಲ್ಲಿ ಮನೆ ಖಾಲಿ ಮಾಡಿಸುವ ದೇವರು ದುಗ್ಗಮ್ಮ. ಎರಡು ವರ್ಷಕ್ಕೊಮ್ಮೆ ದುರ್ಗಾಂಬಿಕೆಯ ಜಾತ್ರೆ ಬಂತೆಂದರೆ ಊರಿನ ಗೋಡೆಗಳು ಬಣ್ಣ ಕಾಣುತ್ತವೆ, ಅಟ್ಟಗಳು ಬೆಳಕು ಕಾಣುತ್ತವೆ. ನೆಂಟರು ಬರುತ್ತಾರೆ, ಬಂದವರು ಮಲಗಬೇಕು, ಅವರು ಮಲಗುವ ಜಾಗದಲ್ಲಿ ಆಗಲೇ ಸಾಮಾನು ಮಲಗಿರುತ್ತದೆ. ಸ್ವಚ್ಛ ಭಾರತ ಶುರುವಾದದ್ದು 2014ರಲ್ಲಿ. ದುಗ್ಗಮ್ಮ ಅದಕ್ಕೂ ಎಷ್ಟೋ ಮೊದಲಿನಿಂದ ಈ ಕೆಲಸ ಮಾಡಿಸುತ್ತಿದ್ದಾಳೆ, ಅದೂ ಜಾಹೀರಾತಿಲ್ಲದೆ.

ಈ ಸಲ ನಮ್ಮ ಅಟ್ಟದಿಂದ ಡಬ್ಬಾ ಟಿವಿ ಇಳಿಯಿತು, ಅದರ ಅಂಗರಕ್ಷಕನಂತಿದ್ದ ಸ್ಟೆಬಿಲೈಜರ್ ಇಳಿಯಿತು. ಮದುವೆಗೆ ಉಡುಗೊರೆಯಾಗಿ ಬಂದು ಒಂದು ದಿನವೂ ಟಿಕ್ ಎನ್ನದ ಗೋಡೆ ಗಡಿಯಾರಗಳು, ಜಾರ್ ಇಲ್ಲದ ಮಿಕ್ಸಿ, ಮಿಕ್ಸಿ ಇಲ್ಲದ ಜಾರ್, ಕೀಲಿಕೈ ಕಳೆದ ಸೂಟ್‌ಕೇಸು. ಸೂಟ್‌ಕೇಸಿನೊಳಗೆ ಏನೋ ಅಲುಗಾಡುತ್ತಿತ್ತು. “ಅದನ್ನ ಮಾತ್ರ ಕೊಡಬ್ಯಾಡ” ಎಂದಳು ಅವ್ವ. ಒಳಗೇನಿದೆ ಎಂದು ಅವಳಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೊಡಬಾರದು ಎಂಬುದೇ ಅವಳ ವಾದ.

ಇವೆಲ್ಲಕ್ಕಿಂತ ದೊಡ್ಡದು ಪಡಸಾಲೆಯಲ್ಲಿದ್ದ ಮೂರು ಸೀಟಿನ ಸೋಫಾ. ಕಂತಿನ ಮೇಲೆ ಬಂದದ್ದು. ಕಂತು ತೀರುವ ಹೊತ್ತಿಗೆ ನಡುವಿನ ಸೀಟು ಕುಸಿದಿತ್ತು. ಆಮೇಲೆ ಅದರಲ್ಲಿ ಕೂತ ನೆಂಟರು ತಾವಾಗಿ ಏಳುವಂತಿರಲಿಲ್ಲ, ಯಾರಾದರೂ ಕೈಕೊಟ್ಟು ಎಬ್ಬಿಸಬೇಕಿತ್ತು. ಎಷ್ಟೋ ಮಂದಿ ಊಟದ ತನಕ ಉಳಿದದ್ದಕ್ಕೆ ಅದೇ ಕಾರಣವಿದ್ದೀತು.

ಗುಜರಿಯವನು ಬಂದ. ಈಗ ಕೂಗುವುದು ಅವನಲ್ಲ, ಗಾಡಿಯ ಹ್ಯಾಂಡಲಿಗೆ ಕಟ್ಟಿದ ಸ್ಪೀಕರು. ಹಳೇ ಕಬ್ಬಿಣ, ಹಳೇ ಪೇಪರ್, ಹಳೇ ಪ್ಲಾಸ್ಟಿಕ್ ಎಂದು ಅದು ಒಂದೇ ಸಮನೆ ಒದರುತ್ತಿದ್ದರೆ ಆತ ಶಾಂತವಾಗಿ ಎಲೆ ಅಡಿಕೆ ಮೆಲ್ಲುತ್ತಿರುತ್ತಾನೆ. ಅವ್ವನಿಗೂ ಅವನಿಗೂ ರದ್ದಿ ಪೇಪರಿನ ಮೇಲೆ ಕೆಜಿಗೆ ಎರಡು ರೂಪಾಯಿಯ ಯುದ್ಧ ನಡೆಯಿತು. ತಕ್ಕಡಿಯ ಕಡೆ ಅವಳು ನೋಡುವ ನೋಟವನ್ನು ಗಡಿ ಕಾಯುವವರು ಕಲಿಯಬೇಕು. ಕಬ್ಬಿಣ 28ಕ್ಕೆ ಹೋಯಿತು, ಗಡಿಯಾರಗಳು ಲೆಕ್ಕಕ್ಕೇ ಬಾರದೆ ಹೋದವು. ಟಿವಿಯ ಬೆನ್ನು ತಟ್ಟಿ ನೋಡಿ, “ಒಳಗಿನ ತಾಮ್ರದ ಕಾಯಲ್ ಬಿಚ್ಚಿಕೊಡ್ರಿ ಸರ, ಬುರುಡಿ ನೀವೇ ಇಟ್ಕೊಳ್ರಿ” ಎಂದ. ಆ ಬುರುಡೆಯ ಗಾಜಿನಲ್ಲಿ ಸೀಸವಿದೆ. ಕೊಳ್ಳುವವರಿಲ್ಲ, ಒಡೆದರೆ ವಿಷ. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯದ ನಿಯಮಗಳು ಮರುಬಳಕೆಯ ಹೊಣೆಯನ್ನು ತಯಾರಕರ ಮೇಲೆ ಹೊರಿಸಿವೆ. ಒಳ್ಳೆಯದೇ. ಆದರೆ ನಮ್ಮ ಟಿವಿಯ ತಯಾರಕರು ಟಿವಿಗಿಂತ ಮೊದಲೇ ಕಣ್ಣುಮುಚ್ಚಿದ್ದಾರೆ.

“ಸೋಫಾ?” ಎಂದೆ.

ಆತ ಸೋಫಾದ ಸುತ್ತ ಒಂದು ಪ್ರದಕ್ಷಿಣೆ ಹಾಕಿದ. “ಇದರಾಗ ಏನೈತ್ರಿ? ಹೊಟ್ಟಿ ತುಂಬ ಸ್ಪಂಜು. ಹಲಗಿ ಅಂದ್ರ ಪುಡಿ ಒತ್ತಿ ಮಾಡಿದ್ದು, ಒಲಿಗೆ ಹಾಕಿದ್ರ ಬರೇ ಹೊಗಿ. ಸ್ಪ್ರಿಂಗು, ಮೊಳಿ ಸೇರಿ ಎರಡು ಕೆಜಿ ಬಂದ್ರ ಹೆಚ್ಚು. ನೀವೇ ಐನೂರು ಕೊಡ್ರಿ, ಒಯ್ತೀನಿ.”

ಅವ್ವ ಒಂದು ಗಳಿಗೆ ಸುಮ್ಮನಾದಳು. ಅವಳ ಎಂಬತ್ತು ವರ್ಷದ ಬದುಕಿನಲ್ಲಿ ಗುಜರಿಯವನು ಹಣ ಕೇಳಿದ್ದು ಇದೇ ಮೊದಲು. ಆಮೇಲೆ ಹೇಳಿದಳು: “ಹೆಣ್ಣನ್ನೂ ಕೊಟ್ಟು ವರದಕ್ಷಿಣೀನೂ ಕೊಟ್ಟಂಗಾತು ಬಿಡಪ.”

ಆತ ನಕ್ಕು ಗಾಡಿ ತಳ್ಳಿದ. ನನಗೆ ಮಾತ್ರ ಅವನ ಅರ್ಥಶಾಸ್ತ್ರ ಹಿಡಿಸಿತು. ಗುಜರಿ ನಡೆಯುವುದು ತೂಕದ ಮೇಲೆ. ಕಬ್ಬಿಣ, ಹಿತ್ತಾಳೆ, ಪೇಪರು ಕಡಿಮೆ ಜಾಗದಲ್ಲಿ ಹೆಚ್ಚು ತೂಗುತ್ತವೆ, ಹಾಗಾಗಿ ಆತ ನಮಗೆ ಕೊಡುತ್ತಾನೆ. ಸೋಫಾ ಅರ್ಧ ಗಾಡಿ ನುಂಗಿ ತಕ್ಕಡಿಯಲ್ಲಿ ಬಾಯಿ ಬಿಡುವುದಿಲ್ಲ, ಹಾಗಾಗಿ ನಾವು ಕೊಡಬೇಕು. ತೂಕವಿದ್ದರೆ ವರಮಾನ, ಬರೀ ಗಾತ್ರವಿದ್ದರೆ ಖರ್ಚು. ಸಭೆಗಳಿಗೆ ಕರೆಯುವ ಅತಿಥಿಗಳ ವಿಷಯದಲ್ಲೂ ಹೀಗೇ ಆಗುವುದನ್ನು ನೋಡಿದ್ದೇನೆ, ಇರಲಿ.

ಅಮೆರಿಕದಲ್ಲಿ ಈ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಮಾಡುತ್ತಾರೆ. ಡಲ್ಲಾಸ್‌ನಲ್ಲಿರುವ ನನ್ನ ಅಕ್ಕನ ಮಗ ಫೋನಿನಲ್ಲಿ, ತಾನೂ ಹಳೇ ಸೋಫಾ ಸಾಗಿಸಿದೆ, 300 ಡಾಲರ್ ಆಯಿತು ಎಂದ. “ಅಷ್ಟು ಕೊಟ್ರಾ?” ಎಂದು ಅವ್ವನ ಕಣ್ಣರಳಿತು. “ನಮ್ದನ್ನೂ ಅಲ್ಲಿಗೇ ಕಳಿಸಿದ್ರ ಹೆಂಗೆ?” ಕೊಟ್ಟವರು ಅವರಲ್ಲ, ಇವನೇ ಎಂದು ತಿಳಿಸಿದಾಗ, “ಇವನಿಗೆ ಅಲ್ಲಿ ಯಾರೂ ಬುದ್ಧಿ ಹೇಳೋರಿಲ್ಲ” ಎಂದು ಫೋನು ನನ್ನ ಕೈಗೆ ಕೊಟ್ಟಳು.

ಅಲ್ಲಿ ಲಾರಿಯ ಎಷ್ಟನೇ ಒಂದು ಭಾಗ ತುಂಬಿತು ಎಂದು ನೋಡಿ ದುಡ್ಡು ಕೇಳುತ್ತಾರಂತೆ. ಈ ಉದ್ಯಮದ ದೊಡ್ಡ ಹೆಸರು ಹುಟ್ಟಿದ್ದು ಕೆನಡಾದ ವ್ಯಾಂಕೂವರಿನಲ್ಲಿ, 1989ರಲ್ಲಿ. ಬ್ರಯಾನ್ ಸ್ಕುಡಮೋರ್ ಎಂಬ ಹುಡುಗ ಕಾಲೇಜಿನ ಖರ್ಚಿಗೆಂದು 700 ಡಾಲರಿನ ಹಳೇ ಪಿಕಪ್ ಗಾಡಿ ಕೊಂಡು ಜನರ ಹಳೇ ಸಾಮಾನು ಹೊರಲು ನಿಂತ. ಮುಂದೆ ಕಂಪನಿ ಬೆಳೆದಾಗ ಫೋನ್ ನಂಬರನ್ನೇ ಅದಕ್ಕೆ ಹೆಸರಿಟ್ಟ. ಜಪಾನಿನಲ್ಲಿ 2001ರಿಂದ ಟಿವಿ, ಫ್ರಿಜ್ಜು, ವಾಷಿಂಗ್ ಮಷೀನು, ಏಸಿ ಬಿಸಾಡುವವನೇ ಮರುಬಳಕೆಯ ಶುಲ್ಕ ಕಟ್ಟಬೇಕು. ಸೋಫಾದಂಥದ್ದಕ್ಕೆ ಚೀಟಿ ಕೊಂಡು, ಅಂಟಿಸಿ, ಹೇಳಿದ ದಿನ ಹೇಳಿದ ಜಾಗದಲ್ಲಿ ಇಡಬೇಕು. ಇಲ್ಲಿ ಚೀಟಿ ಅಂಟಿಸಿ ಇಟ್ಟರೆ ಬೆಳಗಾಗುವಷ್ಟರಲ್ಲಿ ಚೀಟಿ ಹೋಗಿರುತ್ತದೆ, ಸೋಫಾ ಅಲ್ಲೇ ಇರುತ್ತದೆ.

ಬೆಳಗಿನ ಕಸದ ಗಾಡಿಯವನನ್ನೂ ಕೇಳಿದೆ. ಹಸಿ ಕಸವೋ ಒಣ ಕಸವೋ ಎಂದು ದಿನಾ ನನ್ನನ್ನು ಪರೀಕ್ಷೆ ಮಾಡುವವನು ಆತ. “ಒಣ ಕಸಾನೇ ಸರ, ಆದ್ರ ಗಾಡಿಗಿಂತ ದೊಡ್ಡದು ಐತಿ” ಎಂದು ಹಾಡು ಹಾಕಿಕೊಂಡು ಮುಂದೆ ಹೋದ.

ನಮ್ಮೂರಿಗೆ ಈ ಕಷ್ಟ ಹೊಸದು. ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಹತ್ತಿಯ ಊರು. ಇಲ್ಲಿ ಗಾದಿಗೆ ಸಾವೇ ಇರಲಿಲ್ಲ. ಗಂಟು ಕಟ್ಟಿದ ಗಾದಿಯನ್ನು ಬಿಚ್ಚಿ, ಅರಳೆ ಹಿಂಜಿಸಿ, ಹೊಸ ಬಟ್ಟೆ ಹೊಲಿಸಿದರೆ ಅಜ್ಜನ ಗಾದಿಯ ಮೇಲೆ ಮೊಮ್ಮಗನ ಬಾಣಂತನವಾಗುತ್ತಿತ್ತು. ಹರಿದ ಸೀರೆ ಕೌದಿಯಾಗುತ್ತಿತ್ತು, ತೂತು ಬಿದ್ದ ಕೊಡ ಹೂಕುಂಡವಾಗುತ್ತಿತ್ತು. ಲಾರಿಯ ಸವೆದ ಟೈರು ಕೂಡ ದಂಡವಾಗುತ್ತಿರಲಿಲ್ಲ, ಮಂಡಕ್ಕಿ ಭಟ್ಟಿಗಳ ಒಲೆಗೆ ಭತ್ತದ ಹೊಟ್ಟಿನ ಜೊತೆ ಅದೂ ಉರುವಲಾಗುತ್ತಿತ್ತು. ಆ ಕರಿ ಹೊಗೆಯನ್ನು ಹೊಗಳುವ ಧೈರ್ಯ ನನಗಿಲ್ಲ. ನಾವೆಲ್ಲ ಮಿರ್ಚಿ ಕಚ್ಚಿಕೊಂಡು ತಿಂದ ಮಂಡಕ್ಕಿಯಲ್ಲಿ ಎಷ್ಟು ಲಾರಿಗಳ ಪ್ರಯಾಣ ಬೆರೆತಿತ್ತೋ ಎಂದು ಮಾತ್ರ ಆಗಾಗ ಅನಿಸುತ್ತದೆ. ಆದರೆ ಸೋಫಾದ ಸ್ಪಂಜನ್ನು ಹಿಂಜಲಾಗದು, ಹೊಲಿಯಲಾಗದು, ಉರಿಸಲಾಗದು.

“ಹರಿಹರಕ್ಕೆ ಕಳಿಸು” ಎಂದಳು ಅವ್ವ. “ನಿಮ್ಮ ಮಾವ ಯಾವುದನ್ನೂ ಬ್ಯಾಡ ಅನ್ನಲ್ಲ.”

ಅದು ನಿಜ. ಮಾವ ಮೈಸೂರು ಕಿರ್ಲೋಸ್ಕರ್‌ನಲ್ಲಿದ್ದವನು. 1941ರಲ್ಲಿ ಶುರುವಾದ ಆ ಕಾರ್ಖಾನೆಯಿಂದ ಹರಿಹರದ ಲೇತುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪುಗಳಿಗೆ ಹೋದವು. ಈ ಶತಮಾನದ ಆರಂಭದ ಹೊತ್ತಿಗೆ ಕಾರ್ಖಾನೆ ನಿಂತಿತು, ಮಾವನ ಹಿತ್ತಲಿನದು ನಿಲ್ಲಲಿಲ್ಲ. ಚಕ್ಕು, ಗೇರು, ಬೇರಿಂಗು, ಹಾರ್ಲಿಕ್ಸ್ ಬಾಟಲಿಗಳಲ್ಲಿ ಅಳತೆಯ ಪ್ರಕಾರ ನಟ್ಟು ಬೋಲ್ಟು. ಅವನ ನಿಘಂಟಿನಲ್ಲಿ ಗುಜರಿ ಎಂಬುದಿಲ್ಲ, ಸ್ಪೇರ್ ಪಾರ್ಟ್ ಮಾತ್ರ ಇದೆ. ಅತ್ತೆಯದು ತದ್ವಿರುದ್ಧ. ಹೊಯ್ಸಳರ ದಂಡನಾಯಕ ಪೋಳಾಲ್ವ 1224ರ ಹೊತ್ತಿಗೆ ಆ ಊರಿನಲ್ಲಿ ಕಟ್ಟಿಸಿದ ಗುಡಿಯಲ್ಲಿ ಕಾಯುವ ಹರಿ ಅರ್ಧ, ಲಯ ಮಾಡುವ ಹರ ಅರ್ಧ, ಎರಡೂ ಒಂದೇ ಮೈಯಲ್ಲಿ ಜಗಳವಿಲ್ಲದೆ ನಿಂತಿವೆ. ಅದೇ ಊರಿನ ಆ ಮನೆಯಲ್ಲಿ ಹರಿ ಸಂಜೆ ತುಂಗಭದ್ರೆಯ ದಂಡೆಗೆ ವಾಕಿಂಗ್ ಹೋಗುವುದನ್ನೇ ಹರ ಕಾಯುತ್ತಿರುತ್ತಾಳೆ.

ಲಗೇಜ್ ಆಟೋದವನು ಸಾವಿರ ಎಂದ. ಇರುವುದೇ 14 ಕಿಲೋಮೀಟರ್ ಎಂದೆ. “ಬರೋವಾಗ ಖಾಲಿ ಬರಬೇಕಲ್ಲ ಸರ” ಎಂದ. ಅವ್ವ ನಡುವೆ ಬಂದು 800ಕ್ಕೆ ಇಳಿಸಿದಳು. ಹತ್ತಿಸಿದವರಿಗೆ ಚಹಾ, ಮಿರ್ಚಿ ಬೇರೆ. ಗುಜರಿಯವನು ಕೇಳಿದ್ದು ಐನೂರು ಎಂಬುದನ್ನು ನಾನು ನೆನಪಿಸಲು ಹೋದೆ. “ಅವನಿಗೆ ಕೊಟ್ರ ದಂಡ, ಇದು ತಮ್ಮನ ಮನಿಗೆ ಕೊಟ್ಟಿದ್ದು” ಎಂದಳು. ಈ ಲೆಕ್ಕ ಯಾವ ಆಡಿಟರನ ಕೈಗೂ ಸಿಗುವಂಥದ್ದಲ್ಲ.

ಆಟೋ ಸಂಜೆ ವಾಪಸು ಬಂತು, ಖಾಲಿಯಾಗಿ ಅಲ್ಲ. ಮಾವ ವಾಕಿಂಗಿಗೆ ಹೋಗಿದ್ದಾಗ ಸೋಫಾ ಮುಟ್ಟಿತ್ತಂತೆ. ಅದನ್ನು ಇಳಿಸಿಕೊಂಡ ಅತ್ತೆ, ಹೇಗೂ ಬಾಡಿಗೆ ಕೊಟ್ಟಾಗಿದೆಯಲ್ಲ ಎಂದು, ಹಿತ್ತಲಿನ ಎರಡು ಕಬ್ಬಿಣದ ಪೆಟ್ಟಿಗೆಗಳನ್ನು ಹೇರಿಸಿ ಕಳಿಸಿದ್ದಳು. ಅವ್ವ ಮುಚ್ಚಳ ತೆಗೆದು ನೋಡಿದಳು, ಎತ್ತಿ ನೋಡಿದಳು. ಆಗಲಿಲ್ಲ. ಮುಖದಲ್ಲಿ ಕಳೆ ಬಂತು. ಮರುದಿನ ಸ್ಪೀಕರಿನ ಸದ್ದು ಬೀದಿಯ ತುದಿಯಲ್ಲಿ ಕೇಳುವ ಮೊದಲೇ ಗೇಟಿನಲ್ಲಿ ನಿಂತಿದ್ದಳು. 30 ಕೆಜಿಗೂ ಮೇಲೆ ತೂಗಿತು. ಆಟೋ ಬಾಡಿಗೆ ಕಳೆದು, ಚಹಾ ಮಿರ್ಚಿ ಕಳೆದು, ಇನ್ನೂ ಚೂರು ಉಳಿಯಿತು ಎಂದು ಸೆರಗಿಗೆ ಗಂಟು ಹಾಕಿಕೊಂಡಳು.

ಮೂರನೇ ದಿನ ಮಾವನೇ ಬಂದ. ಸೋಫಾದ ಬಗ್ಗೆ ಸಂತೋಷವಾಗಿದ್ದ, ಸ್ಪ್ರಿಂಗುಗಳನ್ನು ಬಿಚ್ಚಿ ಎಣ್ಣೆ ಹಚ್ಚಿ ಇಟ್ಟಿದ್ದನಂತೆ. ಪೆಟ್ಟಿಗೆಗಳ ವಿಷಯ ಕೇಳಿ ಬಿಳಿಚಿಕೊಂಡ. ಅದರಲ್ಲೊಂದು ನಾಲ್ಕು ದವಡೆಯ ಚಕ್ಕು ಇತ್ತು, ಈಗ ಅಂಥ ಎರಕ ಯಾರೂ ಮಾಡುವುದಿಲ್ಲ ಎಂದು ನನ್ನನ್ನೂ ಕರೆದುಕೊಂಡು ಗುಜರಿ ಅಂಗಡಿಗೆ ನಡೆದ. ಚಕ್ಕು ಸಿಕ್ಕಿತು. 28ಕ್ಕೆ ಹೋದದ್ದನ್ನು ಅಂಗಡಿಯವನು 40ಕ್ಕೆ ಕೊಟ್ಟ. ಮಾವ ಚೌಕಾಸಿ ಮಾಡಲಿಲ್ಲ, ಆತನ ಕಣ್ಣು ಆಗಲೇ ಪಕ್ಕದ ರಾಶಿಯ ಮೇಲಿತ್ತು. ಯಾರೋ ಹಾಕಿ ಹೋದ ಒಂದು ವೈಸು, ಒಂದು ಸಣ್ಣ ಮೋಟರು, ಹೆಸರು ಗೊತ್ತಿಲ್ಲದ ಹಲ್ಲಿನ ಚಕ್ರಗಳು. ಎಲ್ಲವನ್ನೂ ತೂಗಿಸಿದ. ಬಸ್ಸಿನಲ್ಲಿ ಒಯ್ಯುವಂತಿರಲಿಲ್ಲ.

ರಾತ್ರಿ ಅತ್ತೆಯ ಫೋನು. ಬೈಯುತ್ತಾಳೆಂದು ಅವ್ವನ ಕೈಗೆ ಕೊಡಲು ನೋಡಿದೆ, ಅವ್ವ ನಿದ್ದೆ ಬಂದವಳಂತೆ ಕಣ್ಣು ಮುಚ್ಚಿದಳು. ಅತ್ತೆ ಬೈಯಲಿಲ್ಲ. ಧ್ವನಿ ತಗ್ಗಿಸಿ ಕೇಳಿದಳು: “ಆ ಆಟೋದವನ ನಂಬರು ಐತೇನಪ?”